ದೀಪ ಆರಿದ ಮೇಲೆ ಇಳಿದವನು

ಮೊರಬ
ತಾ. 22-5-1985, ಬುಧವಾರ

ಚಿ. ಸೌ. ಶಾರದೆಗೆ,

ಶಂಕ್ರಪ್ಪ ಮಾಡುವ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಸಿಟ್ಟಾಗಿರುತ್ತೀ. ಆಗು, ಬೇಡ ಅನ್ನುವುದಿಲ್ಲ. ಆದರೆ ಪೆನ್ನು ಹಿಡಿದು ಒಂದು ಕಡೆ ಕೂಡಲು ನಿನ್ನ ಮಗ ನನ್ನನ್ನು ಬಿಟ್ಟರೆ ತಾನೇ ನಾನು ಬರೆಯುವುದು? ‘ಇಲ್ಲಿ ನಾವೆಲ್ಲ ಆರಾಮ ಇದ್ದೇವೆ’ ಎಂದು ಎಲ್ಲರಂತೆ ಶುರು ಮಾಡಿದ್ದೆ. ಬರೆದ ಮೇಲೆ ನನಗೇ ನಗು ಬಂತು, ಆಮೇಲೆ ಸಿಟ್ಟು ಬಂತು, ಹಾಳೆ ಹರಿದು ಒಗೆದೆ. ಇದು ಹೊಸ ಹಾಳೆ.

ಮೊದಲು ಇಷ್ಟು ಓದಿಕೋ. ಮಡಿವಾಳ ಬದುಕಿದ್ದಾನೆ, ಗಟ್ಟಿಯಾಗಿದ್ದಾನೆ. ನಾನು ಇಲ್ಲಿ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದರೆ ಅವನು ಒಳಗೆ ರೊಟ್ಟಿ ಮುರಿಯುತ್ತಿದ್ದಾನೆ, ನನ್ನ ಅಕ್ಕ ಗೌರಕ್ಕ ‘ಇನ್ನೊಂದು ಹಾಕಲೇನೋ’ ಎಂದು ಕೇಳುತ್ತಿದ್ದಾಳೆ. ಆದ್ದರಿಂದ ನೀನು ಗಾಬರಿಬಿದ್ದು ನಿನ್ನ ಅವ್ವನನ್ನು ಹಾಸಿಗೆಯಲ್ಲಿ ಬಿಟ್ಟು ಬಸ್ಸು ಹತ್ತಬೇಡ. ಅವರ ಸೊಂಟದ ಎಲುಬು ಕೂಡುವ ತನಕ ಬಮ್ಮಿಗಟ್ಟಿಯಲ್ಲೇ ಇರು. ಆದರೆ ಸುದ್ದಿಗೆ ಬಸ್ಸಿನ ಟಿಕೀಟು ಬೇಕಾಗಿಲ್ಲ. ಇನ್ನೊಬ್ಬರ ಬಾಯಿಂದ ಉಪ್ಪು ಖಾರ ಹಚ್ಚಿಸಿಕೊಂಡು ನಿನಗೆ ಮುಟ್ಟುವ ಮೊದಲು ನಾನೇ ತಿಳಿಸುತ್ತೇನೆ. ಹೋದ ಶುಕ್ರವಾರ ನಿನ್ನ ಮಗ ನಮ್ಮ ಹಿತ್ತಲಿನ ಜೋಳದ ಹಗೇವಿನಲ್ಲಿ ಇಳಿದು ಸಾವಿನ ಬಾಗಿಲು ಬಡಿದು ಬಂದ.

ಈ ಕಾಗದ ಓದಿ ನೀನು ಒಂದು ಮಾತು ಹೇಳಬೇಕು. ಇನ್ನು ಸಾಲಿ ಸಾಕು, ಜೂನ್ ಬರುತ್ತಲೇ ಹುಬ್ಬಳ್ಳಿಗೆ ಒಯ್ದು ನನ್ನ ಚಿಗವ್ವನ ಮಗನ ಕಬ್ಬಿಣದ ಅಂಗಡಿಯಲ್ಲಿ ಬಿಡುತ್ತೇನೆ, ಮೊಳೆ ತೂಗುತ್ತ ಬಿದ್ದಿರಲಿ ಎಂದು ಓಣಿಯ ಮಂದಿಯ ಮುಂದೆ ನಾನು ಸಾರಿಬಿಟ್ಟಿದ್ದೇನೆ. ಹತ್ತನೆಯ ಇಯತ್ತೆಗೆ ಕಾಲಿಡಬೇಕಾದ ಹುಡುಗ. ಅವತ್ತಿನಿಂದ ಅವನು ತಾನಾಗಿ ನನ್ನ ಜೊತೆ ಮಾತಾಡಿಲ್ಲ. ನಾನು ಪಡಸಾಲೆಗೆ ಬಂದರೆ ಅವನು ಹಿತ್ತಲಿಗೆ, ನಾನು ಹಿತ್ತಲಿಗೆ ಹೋದರೆ ಅವನು ಅಟ್ಟಕ್ಕೆ. ಕಳಿಸಲೋ ಬೇಡವೋ, ನೀನೇ ಹೇಳು. ನನಗಂತೂ ತಲೆ ಚಿಟ್ಟುಹಿಡಿದು ಹೋಗಿದೆ.

ನೀನು ತವರಿಗೆ ಹೋದಂದಿನಿಂದ ಈ ಹುಡುಗ ಏನೇನು ಮಾಡಿದ ಎಂದು ಹೇಳಿದರೆ ನೀನು ಅಲ್ಲಿಂದಲೇ ಹಣೆ ಬಡಿದುಕೊಳ್ಳುತ್ತೀ. ನೀನು ಹೋದ ವಾರದಲ್ಲೇ ನವಲಗುಂದದ ಬಸ್ಸಿನ ಹಿಂದಿನ ನಿಚ್ಚಣಿಕೆ ಹಿಡಿದು ಜೋತಾಡುತ್ತ ಬಂದ. ಒಳಗೆ ಸೀಟು ಖಾಲಿ ಇದ್ದವಂತೆ! ಕಂಡಕ್ಟರು ಮನೆಗೆ ಬಂದು ‘ಯಜಮಾನ್ರ, ನಿಮ್ಮ ಹುಡುಗ ನನ್ನ ನೌಕ್ರಿ ಕಳೀತಾನ್ರಿ’ ಎಂದು ಹೇಳಿ ಹೋದ. ಬೈದೆ. ಮುಂದೆ ಕಾಲುವೆಯ ಪೂಲಿನ ಮೇಲಿಂದ ನೀರಿಗೆ ಹಾರುವುದು, ಮುಳುಗಿ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂದು ಪಂತ ಕಟ್ಟುವುದು. ಮತ್ತೆ ಬೈದೆ. ಅದು ಮುಗಿಯಿತೋ ಇಲ್ಲವೋ, ನಮ್ಮ ಓಣಿಯ ಬಾಷಾಸಾಬನ ಟ್ರ್ಯಾಕ್ಟರಿಗೂ ಹಿಂದಿನ ಟ್ರೇಲರಿಗೂ ನಡುವಿನ ಕಬ್ಬಿಣದ ಕೂಡಿಕೆಯ ಮೇಲೆ ನಿಂತು ಸವಾರಿ. ಕಾಲು ಜಾರಿದರೆ ಗಾಲಿಯ ಕೆಳಗೆ! ಆ ದಿನ ಹುಣಸಿಯ ಹಸಿ ಬರಲು ಕೈಗೆ ತೆಗೆದುಕೊಂಡಿದ್ದೆ. ಗೌರಕ್ಕ ಅಡ್ಡ ಬಂದಳು, ಅವಳ ಮೈಮೇಲೇ ಒಂದೇಟು ಬಿತ್ತು. ಆಕೆ ಎರಡು ದಿನ ನನಗೆ ಊಟಕ್ಕೆ ಬಡಿಸಲಿಲ್ಲ.

ಬೈಯುವುದರಲ್ಲಿ ನಾನೇನೂ ಕಡಿಮೆ ಮಾಡಿಲ್ಲ, ಶಾರದಾ. ನನ್ನ ಗಂಟಲು ಕೇಳಿ ಓಣಿಯ ನಾಯಿಗಳೆಲ್ಲ ಮೂಲೆ ಸೇರುತ್ತವೆ. ಈ ಹುಡುಗನೊಬ್ಬನಿಗೆ ಏನೂ ತಟ್ಟುವುದಿಲ್ಲ. ಬೈದಷ್ಟೂ ಹೊತ್ತು ತಲೆ ತಗ್ಗಿಸಿ ನಿಂತು ಹೆಬ್ಬೆರಳಿಂದ ನೆಲ ಕೆರೆಯುತ್ತಾನೆ, ಮುಗಿದ ಮೇಲೆ ‘ಹೋಗ್ಲ್ಯಾ’ ಎಂದು ಕೇಳುತ್ತಾನೆ.

ಈಗ ಹಗೇವಿನ ಮಾತಿಗೆ ಬರುತ್ತೇನೆ. ನಿನ್ನ ಅವ್ವನಿಗೆ ಬಿಡಿಸಿ ಹೇಳಬೇಕಾದೀತು, ನಿಮ್ಮ ಭತ್ತದ ಸೀಮೆಯಲ್ಲಿ ಹಗೇವು ಎಲ್ಲಿವೆ? ಮದುವೆಯಾಗಿ ಬಂದ ಹೊಸದರಲ್ಲಿ ನೀನೇ ‘ಇದೇನ್ರಿ, ನಿಮ್ಮೂರಾಗ ಜ್ವಾಳಾ ಹುಗೀತಾರ?’ ಎಂದು ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆ. ಎರಡಾಳು ಆಳದ ಕುಣಿ, ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಒಳಗೆ ಸುತ್ತಲೂ ಒಣದಂಟಿನ ಕಣಿಕೆ ಹಾಸಿ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಹಗೇವಿನ ಒಳಗೆ ಗಾಳಿ ಸತ್ತಿರುತ್ತದೆ. ಬಾಯಿ ತೆರೆದ ದಿನ ಯಾರೂ ಇಳಿಯುವುದಿಲ್ಲ. ಮರುದಿನ ಕಂದೀಲು ಹಚ್ಚಿ ಹಗ್ಗ ಕಟ್ಟಿ ಒಳಗೆ ಇಳಿಬಿಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಲ್ಲ. ಇದು ಇಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತು. ನಿನ್ನ ಮಗನಿಗೆ ಗೊತ್ತಿಲ್ಲವೇ? ಅದೇ ಅಲ್ಲವೇ ನನ್ನ ಹೊಟ್ಟೆಗೆ ಬೆಂಕಿ ಹಚ್ಚಿರುವುದು!

ಮಳೆ ಬರುವ ಮೊದಲು ಹಳೆಯ ಜೋಳ ತೆಗೆದುಬಿಡೋಣ ಎಂದು ಶುಕ್ರವಾರ ಮುಂಜಾನೆ ಆಳು ಹಚ್ಚಿ ಬಾಯಿ ತೆಗೆಸಿದೆ. ‘ನಾಳೆ ತನಕ ಇತ್ತ ಯಾರೂ ಸುಳೀಬ್ಯಾಡ್ರಿ’ ಎಂದು ಹೇಳಿ ಆಳುಗಳನ್ನು ಹೊಲಕ್ಕೆ ಕಳಿಸಿದೆ. ಗೌರಕ್ಕ ಮಠಕ್ಕೆ ಹೋಗಿದ್ದಳು. ಮಧ್ಯಾಹ್ನ ಮಡಿವಾಳ, ಅವನ ಗೆಳೆಯರಾದ ಯಲ್ಲಪ್ಪ, ಮಂಜಪ್ಪ, ಈ ಮೂರು ಮಂಗ್ಯಾಗಳು ಹಿತ್ತಲಿಗೆ ಸೇರಿದ್ದಾರೆ. ಕಂದೀಲು ಹಚ್ಚಿದ್ದಾರೆ. ನೋಡು, ಎಷ್ಟು ಶಹಾಣ್ಯಾರು! ಹಗ್ಗ ಕಟ್ಟಿ ಪದ್ಧತಿಯ ಪ್ರಕಾರ ಇಳಿಬಿಟ್ಟಿದ್ದಾರೆ. ದೀಪ ಪಕ್ಕನೆ ಆರಿದೆ. ಮೇಲೆ ಎಳೆದು ಮತ್ತೆ ಹಚ್ಚಿ ಮತ್ತೆ ಬಿಟ್ಟಿದ್ದಾರೆ. ಮತ್ತೆ ಆರಿದೆ.

ದೀಪ ಆರಿದ್ದನ್ನು ಕಣ್ಣಾರೆ ಕಂಡವರು ಏನು ಮಾಡಬೇಕು, ಹೇಳು? ಕಂದೀಲು ಒಯ್ದು ಗೂಡಿನಲ್ಲಿಟ್ಟು ಮನೆಗೆ ಹೋಗಬೇಕು. ಇವರಿಗೆ ದೀಪ ಆರಿದ ಮೇಲೆಯೇ ಆಟ ಶುರುವಾಗಿದೆ. ಮಂಜ್ಯಾ ಅಂದನಂತೆ, ‘ಈಗ ಇಳದು ಒಂದು ಹಿಡಿ ಜ್ವಾಳಾ ತಂದಂವ ಗಂಡಸು.’ ಯಲ್ಲ್ಯಾ, ‘ಸಾಯ್ತಿ ಲೇ, ಬ್ಯಾಡ’ ಅಂದನಂತೆ. ನಮ್ಮ ಘನವಂತ ಏನಂದ? ‘ಉಸುರು ತಗೊಂಡ್ರ ಸಾಯೂದು. ನಾ ತಗೊಳ್ಳೂದ ಇಲ್ಲ. ಕಾಲುವ್ಯಾಗ ನನ್ನಷ್ಟು ಹೊತ್ತು ಉಸುರು ಹಿಡಿದಂವ ಯಾರದಾರ?’

ಅವನ ಲೆಕ್ಕ ನೋಡು! ಅಡ್ಡಾದಿಡ್ಡಿ ಅಲ್ಲ, ಬರೋಬ್ಬರಿ ಲೆಕ್ಕ. ಬೇವಿನ ಮರಕ್ಕೆ ಹಗ್ಗ ಬಿಗಿದು, ಎದೆ ತುಂಬ ಗಾಳಿ ತುಂಬಿಕೊಂಡು ಸರ್‍ರನೆ ಜಾರಿದ್ದಾನೆ. ಜೋಳದ ಮೇಲೆ ಕಾಲೂರಿ ಒಂದು ಹಿಡಿ ತೆಗೆದು ಚಡ್ಡಿಯ ಕಿಸೆಗೆ ಹಾಕಿದ್ದಾನೆ. ಹಗ್ಗ ಹಿಡಿದು ಅರ್ಧ ಮೇಲೆ ಹತ್ತಿದ್ದಾನೆ. ನೀರಿನಲ್ಲಿ ಸುಮ್ಮನೆ ಕೂಡುವುದು ಬೇರೆ, ಮೈಭಾರ ಎತ್ತಿ ಹಗ್ಗ ಹತ್ತುವುದು ಬೇರೆ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಉಸಿರು ತಗೊಂಡ. ಕೈ ಬಿಟ್ಟ. ದೊಪ್ಪನೆ ಕೆಳಗೆ ಬಿದ್ದ.

ಸುದ್ದಿ ಮುಟ್ಟಿ ನಾನು ಹಿತ್ತಲಿಗೆ ಓಡಿದಾಗ ಬಾಷಾಸಾಬ ಆಗಲೇ ಅಂಗಿ ಕಳಚಿ ಒಗೆದು ನಡುವಿಗೆ ಹಗ್ಗ ಸುತ್ತುತ್ತಿದ್ದ. ನಾನು ‘ಲೇ ಮಡಿವಾಳಾ’ ಎಂದು ಬಾವಿಯೊಳಗೆ ಕೂಗಿದಂತೆ ಕೂಗಿದೆ. ಉತ್ತರ ಇಲ್ಲ. ಕತ್ತಲಲ್ಲಿ ಅವನ ಬಿಳಿ ಅಂಗಿ ಮಾತ್ರ ಕಾಣುತ್ತಿತ್ತು. ಬಾಷಾಸಾಬ, ‘ಒದರಬ್ಯಾಡ್ರಿ ಈಗ! ಹಗ್ಗಾ ಹಿಡೀರಿ. ನಾ ಜಗ್ಗಿದ್ರ ಎಳೀರಿ, ಜಗ್ಗಲಿಲ್ಲಂದ್ರೂ ಎಳೀರಿ’ ಎಂದು ಹೇಳಿ ಉಸಿರು ಹಿಡಿದು ಇಳಿದ. ಹುಡುಗನ ಬಗಲಿಗೆ ಇನ್ನೊಂದು ಹಗ್ಗ ಹಾಕಿ ಗಂಟು ಬಿಗಿದ. ನಾನು, ಯಲ್ಲ್ಯಾ, ಬಾಜು ಮನೆಯವರು, ಎಲ್ಲ ಸೇರಿ ಎಳೆದೆವು. ಮೊದಲು ಮಗ ಬಂದ, ಹಿಂದೆಯೇ ಬಾಷಾಸಾಬ ಬಂದು ಮಣ್ಣಿನ ಮೇಲೆ ಮಗುಚಿ ಬಿದ್ದು ಏದುಸಿರು ಬಿಟ್ಟ.

ನಿನ್ನ ಮಗನ ತುಟಿ ನೀಲಿಯಾಗಿತ್ತು. ಕೈಕಾಲು ನೂಲಿನಂತೆ ಸಡಿಲ. ನಾನು ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಏನೇನು ಬಡಬಡಿಸಿದೆನೋ ನೆನಪಿಲ್ಲ, ಬೈದೆನೋ ಅತ್ತೆನೋ ಅದೂ ಗೊತ್ತಿಲ್ಲ. ಬಾಷಾಸಾಬ ಎದ್ದು ಬಂದು ಎದೆ ಒತ್ತಿದ, ಒತ್ತಿದ, ಬಾಯಿಗೆ ಬಾಯಿ ಹಚ್ಚಿ ಊದಿದ. ಕೊನೆಗೆ ಒಂದು ಕೆಟ್ಟ ಸಪ್ಪಳ ಮಾಡಿ ಹುಡುಗ ಗಾಳಿ ಎಳೆದುಕೊಂಡ. ಅಂಥ ಸಪ್ಪಳ ಈ ಜನ್ಮದಲ್ಲಿ ಮತ್ತೆ ಕೇಳುವುದು ಬೇಡ. ಆದರೂ ಅವನು ಹುಟ್ಟಿದಾಗ ಅತ್ತದ್ದು ಕೂಡ ನನಗೆ ಅಷ್ಟು ಹಿತವಾಗಿ ಕೇಳಿರಲಿಲ್ಲ.

ಟ್ರ್ಯಾಕ್ಟರಿಗೆ ಎತ್ತಿ ಹಾಕುವಾಗ ಅವನ ಕಿಸೆಯಿಂದ ಜೋಳ ಸುರಿಯಿತು. ಯಲ್ಲ್ಯಾ ಅಳುತ್ತಲೇ, ‘ಗೆದ್ದಾನ್ರಿ ಅಂವ’ ಅಂದ! ಅವನ ಕಪಾಳಕ್ಕೆ ಬಿಗಿಯಬೇಕೆಂದು ಕೈ ಎತ್ತಿದೆ, ಇಳಿಸಿದೆ.

ನವಲಗುಂದದ ದವಾಖಾನೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮರುದಿನದ ತನಕ ಇಟ್ಟುಕೊಂಡರು. ಹುಡುಗ ಕಣ್ಣು ಬಿಟ್ಟದ್ದೇ ತಡ, ನಾನು ಶುರು ಮಾಡಿದೆ. ಎಲ್ಲಿ ಇದ್ದವೋ ಅಷ್ಟೂ ಮಾತು ಬಂದವು. ಡಾಕ್ಟರು ಸಣ್ಣ ವಯಸ್ಸಿನವನು, ನನ್ನ ತೋಳು ಹಿಡಿದು, ‘ಯಜಮಾನ್ರ, ಅಂವಗ ಗಾಳಿ ಬೇಕಾಗೇತಿ, ನೀವು ಸ್ವಲ್ಪ ಹೊರಗ ಕೂಡ್ರಿ’ ಅಂದ. ಮಗನ ಹಾಸಿಗೆಯ ಬಳಿ ಬಾಷಾಸಾಬ, ಹೊರಗೆ ಬಾಕಿನ ಮೇಲೆ ನಾನು. ಇದೆಂಥ ನ್ಯಾಯ!

ಊರಿಗೆ ಬಂದ ಮೇಲೆ ಬುದ್ಧಿ ಹೇಳುವವರ ಸಂತೆ ನೆರೆಯಿತು. ಕಿರಾಣಿ ಅಂಗಡಿಯ ಈರಬಸಪ್ಪ, ‘ಕಂಬಕ್ಕ ಕಟ್ಟಿ ನಾಕು ಬಿಗೀರಿ, ತಾನ ಸುದ್ದ ಆಗ್ತಾನ’ ಅಂದ. ಇವನ ಮಗ ಹೋದ ವರ್ಷ ಮನೆಬಿಟ್ಟು ಓಡಿಹೋದದ್ದು ನಮಗೆ ಗೊತ್ತಿಲ್ಲವೇ? ಗೌರಕ್ಕ ಮಠದಿಂದ ಅಂಗಾರ ತಂದು ಹಣೆಗೆ ಹಚ್ಚಿ, ಕೊರಳಿಗೆ ದಾರ ಕಟ್ಟಿ, ಸೋಮವಾರ ಒಪ್ಪತ್ತು ಹಿಡಿದಿದ್ದಾಳೆ. ಸಾಲಿಯಲ್ಲಿ ಕಲಿಸುವ ಸುಶೀಲವ್ವ ಬಾಯಾರು ಕೂಡ ಬಂದರು. ಅವರಾದರೂ ಅವನಿಗೆ ನಾಲ್ಕು ಮಾತು ಹೇಳಿಯಾರು ಎಂದುಕೊಂಡರೆ ನನಗೇ ಹೇಳಿದರು.

‘ಹಗೇವಿನಾಗ ಗಾಳಿ ಇಲ್ಲಂತ ಅಂವಗ ಗೊತ್ತಿತ್ತಿಲ್ಲೋ?’ ಎಂದು ಕೇಳಿದರು.

‘ಗೊತ್ತಿತ್ರಿ! ನನಗಿಂತ ಚಲೋ ಗೊತ್ತಿತ್ತು. ದೀಪಾ ತಾನ ಇಳಿಬಿಟ್ಟಾನ್ರಿ!’ ಅಂದೆ.

‘ಮತ್ತ ಗೊತ್ತಿದ್ದದ್ದನ್ನ ಹತ್ತು ಸಲ ಹೇಳಿದ್ರ ಏನ್ ಆಗ್ತೈತಿ? ಒಬ್ಬನ ಇದ್ದಿದ್ರ ಇಳೀತಿದ್ನೇನು, ವಿಚಾರ ಮಾಡ್ರಿ. ಈ ವಯಸ್ಸಿನಾಗ ಗೆಳ್ಯಾರು ನೋಡಾಕತ್ರು ಅಂದ್ರ ಮುಗೀತು, ಜೀವಾ ಹಗರ ಆಗ್ತೈತಿ. ಬ್ಯಾಡ ಅನ್ನೂದಂತೂ ಅನ್ರಿ. ಆದ್ರ ಮಾಡೂ ಮೊದ್ಲೋ, ಮಾಡಿದ ಮ್ಯಾಲೋ, ನಿಮ್ಮ ಮುಂದ ಬಂದು ಹೇಳೂಹಂಗ ಇರ್ರಿ.’

ನನಗೆ ರೇಗಿತು. ತಪ್ಪು ಮಾಡಿದವನು ಅವನು, ಪಾಠ ನನಗೆ! ಚಹಾ ಕೊಟ್ಟು ಕಳಿಸಿದೆ. ಆದರೆ ಆ ಮಾತು ಹೋಗಲೊಲ್ಲದು. ಒಬ್ಬನೇ ಇದ್ದಾಗ ಇವನು ಹೇಗಿರುತ್ತಾನೆ ಎಂದು ನೆನೆದುಕೊಂಡೆ. ಹೊಸ ಹೋರಿಯನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ ಎಷ್ಟು ಹುಷಾರಾಗಿ ಹೋಗುತ್ತಾನೆ! ಬಾವಿಯ ಹಗ್ಗ ಜಗ್ಗಿ ನೋಡದೆ ಕೊಡ ಬಿಡುವವನಲ್ಲ. ಮುದುಕರ ಹಾಗೆ ಕಾಲಿಡುತ್ತಾನೆ. ಅದೇ ಗೆಳೆಯರಿಬ್ಬರು ಕೂಡಿದರೆ ಅವನ ತಲೆಯಲ್ಲಿ ಏನು ಹೊಗುತ್ತದೋ ಆ ಶಿವನೇ ಬಲ್ಲ.

ಸರಿ, ನಿನ್ನ ಹಾಗೆ ಮೆತ್ತಗೆ ಮಾತಾಡಿ ನೋಡೋಣ ಎಂದು ಇವತ್ತು ಮುಂಜಾನೆ ಅವನನ್ನು ಕರೆದು ಬಾಜುವಿಗೆ ಕೂಡಿಸಿಕೊಂಡೆ. ಬೆನ್ನ ಮೇಲೆ ಕೈ ಇಟ್ಟೆ. ಅವನು ಬೆಚ್ಚಿಬಿದ್ದ.

‘ಮಗಾ, ನಾ ಏನೂ ಅನ್ನೂದಿಲ್ಲ. ಯಾಕ ಇಳದಿ, ಅಷ್ಟು ಹೇಳು.’

‘ಹಂಗ.’

‘ಹಂಗ ಅಂದ್ರ ಹೆಂಗೋ?’

‘ಹಂಗ ಅಂದ್ರ ಹಂಗ.’

ನನ್ನ ರಕ್ತ ಏರಿತು, ನುಂಗಿಕೊಂಡೆ. ‘ಇಳಿಯೂದರ ಮೊದಲ ನನಗೊಂದು ಮಾತು ಹೇಳಬೇಕಿತ್ತಿಲ್ಲೋ?’ ಅಂದೆ.

ಅವನು ತಲೆ ಎತ್ತಿ ಅವತ್ತಿನಿಂದ ಮೊದಲ ಬಾರಿಗೆ ನನ್ನ ಮುಖ ನೋಡಿದ. ‘ಹೇಳಿದ್ರ ಏನ್ ಮಾಡ್ತಿದ್ರಿ?’

‘ಕಾಲ ಮುರೀತಿದ್ದೆ!’

‘ಅದಕ್ಕ’ ಎಂದು ಎದ್ದು ಹೋದ.

ಇದು ನನ್ನ ಮೆತ್ತಗಿನ ಮಾತಿನ ಕಥೆ. ನಿನಗೆ ಹೇಗೆ ಸಾಧ್ಯವಾಗುತ್ತದೆ? ನೀನು ರೊಟ್ಟಿ ಬಡಿಯುತ್ತ ಕೂತಿದ್ದರೆ ಅವನು ಒಲೆಯ ಬಾಜು ಕುಕ್ಕರಗಾಲಲ್ಲಿ ಕೂತು ಊರಿನದೆಲ್ಲ ಒದರುತ್ತಾನೆ. ನಾನು ಒಳಗೆ ಕಾಲಿಟ್ಟರೆ ಬಾಯಿ ಬಂದ್. ಕೆಲಸದವರು ಕರೆಯುತ್ತಿದ್ದಾರೆ, ಉಳಿದದ್ದು ನಾಳೆ ಬರೆಯುತ್ತೇನೆ.

ಗುರುವಾರ

ಕಾಗದ ನಿನ್ನೆಯೇ ಟಪಾಲಿಗೆ ಹಾಕದಿದ್ದದ್ದು ಚಲೋ ಆಯಿತು. ಇವತ್ತು ಇನ್ನೊಂದು ನಡೆಯಿತು.

ಹಗೇವು ಬಾಯಿ ತೆರೆದುಕೊಂಡೇ ಬಿದ್ದಿತ್ತು. ನಮ್ಮ ಆಳುಗಳು ‘ನಾವು ಒಲ್ಲೆವ್ರಿ, ಅದರಾಗ ಇಳಿಯಾಂಗಿಲ್ಲ’ ಎಂದು ಕೈ ಮುಗಿದರು. ಬಾಷಾಸಾಬ ಇಳಿಯುತ್ತೇನೆ ಅಂದ. ಅವನಿಗೆ ಇನ್ನೂ ಎದೆನೋವು ಇದೆ, ಹೇಗೆ ಇಳಿಸಲಿ? ಮೋಡ ಬೇರೆ ಕಟ್ಟುತ್ತಿದ್ದವು. ಹಟಕ್ಕೆ ಬಿದ್ದು, ‘ಯಾರೂ ಬ್ಯಾಡ, ನಾನ ಇಳೀತೇನಿ’ ಎಂದು ಧೋತರದ ಕಚ್ಚೆ ಹಾಕಿದೆ. ಗೌರಕ್ಕ ಲಬೋ ಲಬೋ ಎಂದು ಬಾಯಿ ಬಡಿದುಕೊಂಡಳು, ‘ಮಗಾ ಆತು, ಈಗ ಅಪ್ಪಂದು ಚಾಲೂ ಆತೇನು! ಈ ಮನ್ಯಾಗ ಗಂಡಸರಿಗೆಲ್ಲ ಏನ್ ಬಡದೈತಿ!’ ಮಡಿವಾಳ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಯಾಕೆ ಹಾಗೆ ಅಂದೆನೋ ನನಗೇ ಗೊತ್ತಿಲ್ಲ, ‘ಬಾರೋ ಇಲ್ಲಿ, ದೀಪಾ ನೀ ಬಿಡು, ಹಗ್ಗಾನೂ ನೀನ ಹಿಡಿ’ ಅಂದೆ.

ಅವನು ಕಂದೀಲು ಹಚ್ಚಿದ. ಗಾಜು ಒರೆಸಿದ. ಇಳಿಬಿಟ್ಟ. ಉರಿಯಿತು. ‘ಆತು, ಎಳಿ’ ಅಂದೆ. ಅವನು ಈ ಮಗ್ಗುಲಿಗೆ ಸರಿಸಿದ, ಆ ಮಗ್ಗುಲಿಗೆ ಸರಿಸಿದ, ತೀರ ಜೋಳಕ್ಕೆ ತಾಗುವಂತೆ ಬಿಟ್ಟು ಕಾಯುತ್ತ ನಿಂತ. ‘ಸಾಕ್ ಬಿಡೋ, ಏನ್ ಪೂಜಿ ಮಾಡಾಕತ್ತೀಯೇನು!’ ಎಂದು ಒದರಿದೆ. ‘ಸುಮ್ನ ನಿಂದರ್ರಿ’ ಅಂದ. ನನಗೆ! ಆಳುಗಳ ಮುಂದೆ! ನನ್ನ ನಡುವಿಗೆ ತಾನೇ ಹಗ್ಗ ಸುತ್ತಿ ಗಂಟನ್ನು ಜಗ್ಗಿ ನೋಡಿದ. ಮತ್ತೊಮ್ಮೆ ಬಿಚ್ಚಿ ಕಟ್ಟಿದ.

ನಾನು ಇಳಿದೆ. ಒಳಗೆ ಹಳೆಯ ಜೋಳದ ಕಾವು, ಮುಗ್ಗಲು ವಾಸನೆ. ಬುಟ್ಟಿ ತುಂಬಿ ಕೊಡುತ್ತಿದ್ದೆ, ಆಳುಗಳು ಮೇಲೆ ಎಳೆದುಕೊಳ್ಳುತ್ತಿದ್ದರು. ಮೇಲಿನ ಬಾಯಲ್ಲಿ ನಿನ್ನ ಮಗನ ಮುಖ, ಅತ್ತಿತ್ತ ಅಲುಗಲಿಲ್ಲ. ‘ಅಪ್ಪಾ?’ ಅನ್ನುತ್ತಾನೆ. ‘ಏನೋ?’ ‘ಏನಿಲ್ಲ.’ ನಾನು ಬುಟ್ಟಿಗೆ ಬಾಗುತ್ತೇನೆ, ಮತ್ತೆ ‘ಅಪ್ಪಾ?’ ‘ಅದೇನೋ!’ ‘ಏನಿಲ್ರಿ.’ ಕೆಲಸ ಮಾಡಗೊಡಲಿಲ್ಲ. ಕೊನೆಗೆ ಬೇಸರಾಗಿ, ಕೂಗಿಕೊಂಡರೆ ಕೂಗಿಕೊಳ್ಳಲಿ ಎಂದು ಸುಮ್ಮನಾದೆ.

ಆಹಾ! ಮರುಕ್ಷಣವೇ ಹಗ್ಗ ನನ್ನ ಹೊಟ್ಟೆಗೆ ಬಿಗಿಯಿತು. ‘ಎಳೀರಿ! ಎಳೀರೋ!’ ಎಂದು ಅವನು ಕಿರುಚುವುದು ಕೇಳಿತು. ‘ಲೇ ನಿಂದರೋ, ನಾ ಆರಾಮದೇನಿ’ ಎನ್ನುವಷ್ಟರಲ್ಲಿ ಎಳೆದೇಬಿಟ್ಟರು. ಗೋಡೆಗೆ ಮೈಯೆಲ್ಲ ತರಚಿ, ಹತ್ತಿಯ ಅಂಡಿಗೆಯ ಹಾಗೆ ಮೇಲೆ ಬಂದು ಬಿದ್ದೆ. ಬಿದ್ದವನ ಎದುರಿಗೆ ನಿಂತು ನಿನ್ನ ಮಗ ಬೈಯತೊಡಗಿದ, ಶಾರದಾ! ಬೈದ ಅಂದರೆ ಎಂಥ ಬೈಗುಳ! ‘ಕರದ್ರ ಓ ಅನ್ನಾಕ ಬರೂದಿಲ್ಲೇನು ನಿಮಗ? ಸತ್ರಿ ಅಂತ ತಿಳಕೊಂಡ್ನೆಲ್ಲಾ! ಮ್ಯಾಲಿದ್ದಂವ ಏನ್ ಆಗಬೇಕು? ಬುದ್ಧಿ ಐತೇನು ನಿಮಗ?’ ಮುಖದ ತುಂಬ ಕಣ್ಣೀರು. ಧ್ವನಿ ಅಗದಿ ನನ್ನದೇ. ಬಾಷಾಸಾಬ ಬೇವಿನ ಮರಕ್ಕೆ ಆತು ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಬೇರೆ ದಿನವಾಗಿದ್ದರೆ ಎರಡು ಬಿಡುತ್ತಿದ್ದೆ. ಇವತ್ತು ‘ಆತು ಬಿಡೋ ಮಾರಾಯಾ, ಇನ್ನ ಮ್ಯಾಲ ಓ ಅಂತೇನಿ’ ಅಂದೆ. ಮತ್ತೆ ಇಳಿದೆ. ಅವನು ಕರೆದಾಗೆಲ್ಲ ಓ ಅಂದೆ. ಮಧ್ಯಾಹ್ನದ ತನಕ ಓ ಅಂದು ಅಂದು ಗಂಟಲು ಬಿದ್ದುಹೋಗಿದೆ.

ಸಂಜೆ ಬಚ್ಚಲ ಕಲ್ಲಿನ ಮೇಲೆ ಕೈಕಾಲು ತೊಳೆಯುವಾಗ ಅವನು ಚೆಂಬಿನಿಂದ ನೀರು ಹಾಕುತ್ತ ತಾನಾಗಿಯೇ ಬಾಯಿ ಬಿಟ್ಟ. ‘ಅಪ್ಪಾ, ಅವತ್ತು ಉಸುರು ತಗೊಂಡ ಕೂಡಲೇ ಮೊಣಕಾಲು ಇಲ್ಲದಂಗ ಆದುವ್ರಿ. ಒದರಬೇಕಂದ್ರ ಬಾಯಿ ಬರಲಿಲ್ಲ. ಮ್ಯಾಲ ಯಲ್ಲ್ಯಾನ ಮಾರಿ ಕಾಣತಿತ್ತು. ಭಾಳ ಅಂಜಿಕಿ ಬಂತ್ರಿ’ ಅಂದ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ನಿಜ. ‘ಇನ್ನೊಂದು ಚಂಬು ಹಾಕು’ ಅಂದೆ ಅಷ್ಟೆ. ಅವನು ಇನ್ನೂ ಏನೇನೋ ಹೇಳಿದ, ಬಸ್ಸಿನ ನಿಚ್ಚಣಿಕೆಯದು, ಪೂಲಿನದು. ಕೇಳಿ ನನ್ನ ಎದೆ ಒಡೆಯಿತು, ಅರ್ಧಕ್ಕರ್ಧ ನನಗೆ ಗೊತ್ತೇ ಇರಲಿಲ್ಲ! ಕಾಲಿಗೆ ಮಣ್ಣಿಲ್ಲದಿದ್ದರೂ ತೊಳೆಯುತ್ತ ನಿಂತೆ.

ಹುಬ್ಬಳ್ಳಿಯ ಮಾತು ನಾನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದಿದ್ದೇನೆ. ಓಣಿಯವರ ಮುಂದೆ ಮುಖ ಹೋಗುತ್ತದೆ, ಹೋಗಲಿ. ನೀನೂ ಹಾಗೇ ಅನ್ನುತ್ತೀ ಎಂದು ಗೊತ್ತು. ಆದರೂ ನಿನ್ನ ಬಾಯಿಂದ ಬರಲಿ, ಒಂದು ಕಾರ್ಡು ಹಾಕು. ಮುಂದೆಯೂ ಇವನು ಏನಾದರೂ ಮಾಡುವವನೇ, ನನಗೆ ಭ್ರಮೆ ಇಲ್ಲ. ನಿನ್ನೆ ಮಂಜ್ಯಾ ಬಂದು ಕಿವಿಯಲ್ಲಿ ಏನೋ ಪಿಸುಗುಟ್ಟಿ ಹೋಗಿದ್ದಾನೆ.

ಅವ್ವನಿಗೆ ನನ್ನ ನಮಸ್ಕಾರ ಹೇಳು. ಎದ್ದು ಓಡಾಡಲು ಅವಸರ ಮಾಡಬಾರದೆಂದು ನಾನು ಬೈದೆನೆಂದು ಹೇಳು. ನಿನ್ನ ತಮ್ಮನ ಮಕ್ಕಳಿಗೆ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿಮ್ಮನ್ನೆಲ್ಲ ತಣ್ಣಗೆ ಇಟ್ಟಿರಲಿ, ನಮ್ಮ ಮೇಲೂ ಒಂದು ಕಣ್ಣು ಇಟ್ಟಿರಲಿ.

ಇಂತು ನಿನ್ನ,
ಶಂಕ್ರಪ್ಪ

ತಾ. ಕ.: ಎಲ್ಲ ಬರೆದೆ, ಒಂದನ್ನು ಬಿಟ್ಟೆ. ಲಕೋಟೆಗೆ ಅಂಟು ಹಚ್ಚಲು ಕೈ ಬರಲೊಲ್ಲದು, ಅದಕ್ಕೇ ಬರೆಯುತ್ತೇನೆ. ಇದನ್ನು ಅವ್ವನಿಗೆ ಓದಿ ಹೇಳಬೇಡ.

ಸುದ್ದಿ ಮುಟ್ಟಿ ಹಿತ್ತಲಿಗೆ ಓಡಿದೆ ಎಂದಿದ್ದೇನಲ್ಲ, ಆ ಸುದ್ದಿ ನನಗೆ ಕೊಟ್ಟವನು ಬಾಷಾಸಾಬ, ನನ್ನ ಮುಂದೆಯೇ ಹಿತ್ತಲಿಗೆ ಓಡುತ್ತ ಒದರಿ ಹೋದ. ಹುಡುಗರಲ್ಲ. ದವಾಖಾನೆಯಿಂದ ಬಂದ ಮೇಲೆ ಯಲ್ಲ್ಯಾನನ್ನು ಹಿಡಿದು ನಿಲ್ಲಿಸಿ, ಮನೆಯಲ್ಲೇ ಇದ್ದ ನನ್ನನ್ನು ಬಿಟ್ಟು ಓಣಿಯ ಕೊನೆಯ ಬಾಷಾಸಾಬನ ಮನೆಗೆ ಯಾಕೆ ಓಡಿದಿರಿ ಎಂದು ಕೇಳಿದೆ. ‘ಮಡಿವಾಳ ತಾನ ಹಂಗ ಹೇಳಿದ್ದ್ರಿ’ ಅಂದ. ಇಳಿಯುವ ಮೊದಲೇ ಹೇಳಿದ್ದನಂತೆ, ‘ಏನರ ಹೆಚ್ಚುಕಮ್ಮಿ ಆದ್ರ ಬಾಷಾಕಾಕಾನ್ನ ಕರೀರಿ. ಸತ್ರೂ ಅಡ್ಡಿಯಿಲ್ಲ, ನಮ್ಮಪ್ಪಗ ಮಾತ್ರ ಹೇ‌ಳಬ್ಯಾಡ್ರಿ.’

ನಾನು ಆಗ ಮನೆಯ ಮುಂದಿನ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದೆ. ಹಿತ್ತಲಿನ ಸಂದಿಯಿಂದ ಯಲ್ಲ್ಯಾ, ಮಂಜ್ಯಾ ಇಬ್ಬರೂ ಓಡಿ ಬಂದರು. ‘ಲೇ ಮಂಗ್ಯಾಗಳ್ರಾ, ಬಿಸಲಾಗ ಎಲ್ಲಿ ಸಾಯಾಕ ಓಡ್ತೀರೋ?’ ಎಂದು ಒದರಿದೆ. ಯಲ್ಲ್ಯಾ ನಿಂತ. ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ‘ಏನ್ ನೋಡ್ತೀಯೋ, ನಡಿ!’ ಅಂದೆ. ಅವನು ಬಾಯಿ ಮುಚ್ಚಿಕೊಂಡು ಓಡಿಹೋದ. ಆಗ ನನ್ನ ಮಗ ಹಗೇವಿನಲ್ಲಿ ಬಿದ್ದಿದ್ದ. ನಾನು ಪೇಪರಿನ ಹಾಳೆ ತಿರುವಿ ಉಳಿದದ್ದನ್ನು ಓದಿದೆ.